ಕೆರೆಯ ನೀರು, ಮಸೂರದ ಕಣ್ಣು

ಧಾರವಾಡ ಜಿಲ್ಲೆಯ ನಕಾಶೆಯನ್ನು ಎದುರಿಗೆ ಹರಡಿಕೊಂಡು ನೋಡಿ. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗಿಗೆ ಅಂಟಿಕೊಂಡಿದೆ. ಅಲ್ಲಿಂದ ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಕಡೆಗೆ ಸಾಗಿದಂತೆ ಕಾಡು ಹಿಂದೆ ಸರಿದು ವಿಶಾಲವಾದ ಎರೆಭೂಮಿ ಎದುರಾಗುತ್ತದೆ. ಹತ್ತಿ, ಕಡಲೆ, ಜೋಳಗಳಿಗೆ ಹೆಸರಾದ ನೆಲ ಇದು. ಆದರೆ ಇಲ್ಲಿ ಭಾವಿ ತೋಡಿದರೆ ಅನೇಕ ಕಡೆ ಸಿಗುವುದು ಸವಳು ನೀರು. ಆದ್ದರಿಂದ ಈ ಭಾಗದ ಊರುಗಳು ಮಳೆಯ ನೀರನ್ನು ಕೂಡಿಡುವ ಸಿಹಿನೀರಿನ ಕೆರೆಗಳನ್ನೇ ನಂಬಿ ಬದುಕಿದವು. ನವಲಗುಂದದ ನೀಲಮ್ಮನ ಕೆರೆ ಅಂತಹ ಒಂದು ಹೆಸರುವಾಸಿ ಕೆರೆ. ಪಾವಟಿಗೆ ಇಳಿದು, ಕೊಡ ಮುಳುಗಿಸಿ, ತಲೆಯ ಮೇಲೆ ಸಿಂಬಿ ಇಟ್ಟು ನೀರು ಹೊತ್ತು ತರುವುದು ಇಲ್ಲಿನ ಹೆಣ್ಣುಮಕ್ಕಳ ದಿನದ ಮೊದಲ ಕೆಲಸವಾಗಿತ್ತು.

ಕೊಡದಲ್ಲಿನ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು. ಆದರೆ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ತೆರೆದ ಕೆರೆ, ಪಾವಟಿಗೆಯ ಭಾವಿಗಳನ್ನು ನಂಬಿದ ಎಷ್ಟೋ ಊರುಗಳನ್ನು ತಲೆಮಾರುಗಳ ಕಾಲ ಒಂದು ರೋಗ ಕಾಡಿತು. ಕಾಲಿನ ಮೇಲೆ ಉರಿಯುವ ಬೊಕ್ಕೆ ಏಳುತ್ತಿತ್ತು. ಅದು ಒಡೆದಾಗ ಬಿಳಿಯ ನೂಲಿನಂತಹ ಹುಳುವಿನ ತುದಿ ಹೊರಗೆ ಇಣುಕುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ರೋಗಿ ತಿಂಗಳುಗಟ್ಟಲೆ ಹೊಲಕ್ಕೆ ಹೋಗುವಂತಿಲ್ಲ. ನಾರಿನಂತೆ ಹೊರಬರುವ ಈ ಹುಳುವಿನಿಂದಾಗಿ ನಮ್ಮ ಜನ ಅದನ್ನು ನಾರುಹುಣ್ಣು ಎಂದು ಕರೆದರು.

ಇಂದು ಭಾರತದಲ್ಲಿ ನಾರುಹುಣ್ಣು ಇಲ್ಲ. ಅದಕ್ಕೆ ಲಸಿಕೆ ಕಂಡುಹಿಡಿದಿಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. ಆದರೂ ರೋಗ ಹೋಯಿತು. ಅದು ಹೋದದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಬೆಳಕು, ಮಸೂರ ಮತ್ತು ಸೂಕ್ಷ್ಮದರ್ಶಕಗಳ ಚರಿತ್ರೆಯನ್ನು ತಿಳಿಯಬೇಕು. ಪಠ್ಯಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ ವಕ್ರೀಭವನ, ಸಂಗಮ ದೂರ, ವರ್ಧನ, ಪೃಥಕ್ಕರಣ ಸಾಮರ್ಥ್ಯ ಎಂಬ ಪದಗಳು ಈ ಚರಿತ್ರೆಯಲ್ಲಿ ಒಂದೊಂದಾಗಿ ಬಂದು ನಿಲ್ಲುತ್ತವೆ.

ಹೆಸರುಗಳೇ ಹೇಳುವ ಕಥೆ

ಮೊದಲು ನಮ್ಮ ಮನೆಯ ಮಾತಿನಿಂದಲೇ ಪ್ರಾರಂಭಿಸೋಣ. ಧಾರವಾಡ ಸೀಮೆಯಲ್ಲಿ ಹಿರಿಯರು ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸ ಎಂದರೆ ಮರಾಠಿಯಲ್ಲಿ ನಲವತ್ತು. ನಲವತ್ತರ ಸುಮಾರಿಗೆ ಕಣ್ಣಿನೊಳಗಿನ ಮಸೂರ ತನ್ನ ಮೆದುತನವನ್ನು ಕಳೆದುಕೊಳ್ಳುತ್ತದೆ. ಹತ್ತಿರದ ಅಕ್ಷರಗಳನ್ನು ಓದುವಷ್ಟು ಅದು ಉಬ್ಬಲಾರದು. ಆಗ ಪೀನ ಮಸೂರದ ಕನ್ನಡಕ ಬೇಕಾಗುತ್ತದೆ. ದೃಷ್ಟಿವಿಜ್ಞಾನದ ಒಂದು ಪಾಠವನ್ನೇ ಜನ ಒಂದು ಹೆಸರಿನಲ್ಲಿ ಅಡಗಿಸಿ ಇಟ್ಟಿದ್ದಾರೆ.

ದೂರದರ್ಶಕಕ್ಕೆ ಹಳೆಯ ಹೆಸರು ದುರ್ಬೀನು. ಇದು ಪಾರಸಿಯ ಮಾತು. ದೂರ್ ಎಂದರೆ ದೂರ, ಬೀನ್ ಎಂದರೆ ನೋಡುವುದು. ಕೈಯಲ್ಲಿ ಹಿಡಿದು ನೋಡುವ ಉಬ್ಬುಗಾಜಿಗೆ ನಾವು ಭೂತಗನ್ನಡಿ ಎನ್ನುತ್ತೇವೆ. ಇನ್ನು ಪಠ್ಯದಲ್ಲಿ ಬರುವ ಮಸೂರ ಎಂಬ ಪದವನ್ನು ನೋಡಿ. ಮಸೂರ ಎಂದರೆ ಸಂಸ್ಕೃತದಲ್ಲಿ ಒಂದು ಕಾಳು, ದಕ್ಷಿಣದವರು ಚನ್ನಂಗಿ ಬೇಳೆ ಎನ್ನುವ ಕಾಳು. ಎರಡೂ ಬದಿ ಉಬ್ಬಿ ಅಂಚಿನಲ್ಲಿ ತೆಳುವಾಗಿರುವ ಅದರ ಆಕಾರ ಪೀನ ಮಸೂರದ ಆಕಾರವೇ. ಇಂಗ್ಲಿಷಿನ ಲೆನ್ಸ್ ಎಂಬ ಮಾತೂ ಲ್ಯಾಟಿನ್ನಿನಲ್ಲಿ ಇದೇ ಕಾಳಿನ ಹೆಸರು. ಅರಬ್ಬಿಯಲ್ಲಿ ಮಸೂರಕ್ಕಿರುವ ಅದಸ ಎಂಬ ಹೆಸರಿನ ಅರ್ಥವೂ ಅದೇ ಕಾಳು. ಮೂರು ಭಾಷೆಗಳು ಒಂದೇ ಅಡುಗೆಮನೆಯ ಡಬ್ಬಿಯಿಂದ ಹೆಸರನ್ನು ಎತ್ತಿಕೊಂಡಿವೆ.

ಪೀನ ಮಸೂರವನ್ನು ಬಿಸಿಲಿಗೆ ಹಿಡಿದರೆ ಸಮಾನಾಂತರವಾಗಿ ಬಂದ ಕಿರಣಗಳು ಬಾಗಿ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿಟ್ಟ ಕಾಗದ ಹೊತ್ತಿಕೊಳ್ಳುತ್ತದೆ. 1604ರಲ್ಲಿ ಯೋಹಾನೆಸ್ ಕೆಪ್ಲರ್ ಈ ಬಿಂದುವನ್ನು ಫೋಕಸ್ ಎಂದು ಕರೆದನು. ಲ್ಯಾಟಿನ್ನಿನಲ್ಲಿ ಫೋಕಸ್ ಎಂದರೆ ಒಲೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಸಂಗಮ ಎನ್ನುತ್ತವೆ. ನವಲಗುಂದದ ಬಳಿ ಹರಿಯುವ ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇರೆ ಬೇರೆ ದಾರಿಯಲ್ಲಿ ಬಂದವು ಒಂದೆಡೆ ಕೂಡುವುದು ಸಂಗಮ. ಮಸೂರದ ಮಧ್ಯದಿಂದ ಈ ಬಿಂದುವಿಗಿರುವ ದೂರವೇ ಸಂಗಮ ದೂರ. ಮಸೂರ ಹೆಚ್ಚು ಉಬ್ಬಿದಷ್ಟೂ ಸಂಗಮ ದೂರ ಕಡಿಮೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬೆಳಕು ಬಾಗುವುದೇಕೆ?

ಕೆರೆಯ ದಂಡೆಯ ಮೇಲೆ ನಿಂತು ತಿಳಿನೀರಿನ ತಳವನ್ನು ನೋಡಿದರೆ ಅದು ಇರುವುದಕ್ಕಿಂತ ಮೇಲೆ ಇರುವಂತೆ ತೋರುತ್ತದೆ. ಗಾಳಿಯಲ್ಲಿ ಬೆಳಕಿಗಿರುವ ವೇಗ ನೀರಿನಲ್ಲಿಲ್ಲ. ನೀರಿನಲ್ಲಿ ಅದು ಸುಮಾರು ಮುಕ್ಕಾಲು ಪಾಲು ವೇಗದಿಂದ ಮಾತ್ರ ಸಾಗುತ್ತದೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಓರೆಯಾಗಿ ದಾಟುವಾಗ ವೇಗ ಬದಲಾಗುವುದರಿಂದ ಕಿರಣದ ದಿಕ್ಕೂ ಬದಲಾಗುತ್ತದೆ. ಇದೇ ವಕ್ರೀಭವನ. ಎರಡು ವೇಗಗಳ ಅನುಪಾತವೇ ವಕ್ರೀಭವನ ಸೂಚ್ಯಂಕ. ನೀರಿಗೆ ಅದು 1.33, ಸಾಧಾರಣ ಗಾಜಿಗೆ ಸುಮಾರು 1.5.

ಈ ಅಂಕಿ ಪರೀಕ್ಷೆಗೆ ಮಾತ್ರ ಬೇಕಾದದ್ದಲ್ಲ. ನೇರವಾಗಿ ಮೇಲಿನಿಂದ ನೋಡಿದಾಗ 12 ಅಡಿ ಆಳದ ಕೆರೆ 9 ಅಡಿಯಂತೆ ತೋರುತ್ತದೆ. ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಳ ಕಾಣುತ್ತದೆಯಲ್ಲ ಎಂದು ನಂಬಿ, ಈಜು ಬಾರದೆ ಇಳಿದವರಿಗೆ ಈ ಮೂರು ಅಡಿಯ ವ್ಯತ್ಯಾಸ ಪ್ರಾಣಕ್ಕೇ ಎರವಾಗಬಹುದು.

ಕಣ್ಣಿನಿಂದ ಯಾವುದೋ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಆದ್ದರಿಂದ ನೋಟ ಉಂಟಾಗುತ್ತದೆ ಎಂದು ಪುರಾತನ ಗ್ರೀಸಿನ ಅನೇಕರು ನಂಬಿದ್ದರು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂಬುದನ್ನು ಪ್ರಯೋಗಗಳ ಆಧಾರದಿಂದ ವಿವರಿಸಿದವನು ಇಬ್ನ್ ಅಲ್ ಹೈಥಮ್. ಸುಮಾರು 965ರಲ್ಲಿ ಇಂದಿನ ಇರಾಕಿನ ಬಸ್ರಾದಲ್ಲಿ ಹುಟ್ಟಿದ ಇವನು ಹನ್ನೊಂದನೆಯ ಶತಮಾನದ ಆದಿಯಲ್ಲಿ ದೃಷ್ಟಿಯ ಕುರಿತು ಬರೆದ ಏಳು ಭಾಗಗಳ ಗ್ರಂಥ ಮುಂದೆ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪಿಗೆ ಗುರುವಾಯಿತು. ಹದಿಮೂರನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಕನ್ನಡಕ ಬಂದಿತು. 1621ರಲ್ಲಿ ಹಾಲೆಂಡಿನ ಸ್ನೆಲ್ ವಕ್ರೀಭವನದ ನಿಯಮವನ್ನು ಗಣಿತದ ರೂಪದಲ್ಲಿ ಕಂಡುಕೊಂಡನು. 1625ರಲ್ಲಿ ಇಟಲಿಯಲ್ಲಿ ನೆಲೆಸಿದ್ದ ಜರ್ಮನ್ ವಿದ್ವಾಂಸ ಜೊವಾನಿ ಫೇಬರ್ ಹೊಸದೊಂದು ಉಪಕರಣಕ್ಕೆ ಮೈಕ್ರೋಸ್ಕೋಪ್ ಎಂದು ಹೆಸರಿಟ್ಟನು. ಅದೇ ನಮ್ಮ ಸೂಕ್ಷ್ಮದರ್ಶಕ.

ಬಟ್ಟೆಯ ವ್ಯಾಪಾರಿ ಕಂಡ ಕೆರೆ

ಸೂಕ್ಷ್ಮದರ್ಶಕಗಳಲ್ಲಿ ಎರಡು ಬಗೆ. ಒಂದೇ ಮಸೂರವುಳ್ಳದ್ದು ಸರಳ ಸೂಕ್ಷ್ಮದರ್ಶಕ, ಎಂದರೆ ಭೂತಗನ್ನಡಿಯ ಜಾತಿಯದು. ಎರಡು ಮಸೂರ ವ್ಯವಸ್ಥೆಗಳುಳ್ಳದ್ದು ಸಂಯುಕ್ತ ಸೂಕ್ಷ್ಮದರ್ಶಕ. ಸಂಯುಕ್ತದಲ್ಲಿ ವಸ್ತುವಿನ ಬಳಿ ಇರುವ ವಸ್ತುಕ ಒಂದು ದೊಡ್ಡ ಪ್ರತಿಬಿಂಬವನ್ನು ನಳಿಕೆಯೊಳಗೆ ಮೂಡಿಸುತ್ತದೆ. ಕಣ್ಣಿನ ಬಳಿ ಇರುವ ನೇತ್ರಕ ಆ ಪ್ರತಿಬಿಂಬವನ್ನು ಭೂತಗನ್ನಡಿಯಂತೆ ಮತ್ತೆ ಹಿಗ್ಗಿಸುತ್ತದೆ. ವಸ್ತುಕದ ವರ್ಧನ 40, ನೇತ್ರಕದ ವರ್ಧನ 10 ಆದರೆ ಒಟ್ಟು ವರ್ಧನ 400.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸಂಯುಕ್ತ ಸೂಕ್ಷ್ಮದರ್ಶಕದಿಂದ ಬಿರಡೆಯ ತೆಳು ಚೂರನ್ನು ನೋಡಿ, ಅದರೊಳಗಿನ ಚಿಕ್ಕ ಕೋಣೆಗಳಿಗೆ ಸೆಲ್ ಎಂದು ಹೆಸರಿಟ್ಟನು. ಜೀವಕೋಶ ಎಂಬ ವಿಚಾರದ ಬೀಜ ಅದು. ಆದರೆ ಅವನಿಗಿಂತ ಆಳಕ್ಕೆ ಇಳಿದವನು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಒಬ್ಬ ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ಫಾನ್ ಲೇವನ್‌ಹುಕ್ 1632ರಲ್ಲಿ ಹುಟ್ಟಿ 1723ರವರೆಗೆ ಬದುಕಿದವನು. ಬಟ್ಟೆಯ ಎಳೆಗಳನ್ನು ಎಣಿಸಿ ಗುಣ ನಿರ್ಣಯಿಸಲು ಆ ಕಾಲದ ವ್ಯಾಪಾರಿಗಳು ಮಸೂರವನ್ನು ಬಳಸುತ್ತಿದ್ದರು. ಇವನು ಅಷ್ಟಕ್ಕೆ ನಿಲ್ಲದೆ ಗಾಜಿನ ಚಿಕ್ಕ ಮಣಿಯಂತಹ ಮಸೂರಗಳನ್ನು ತಾನೇ ತಯಾರಿಸಿ ಲೋಹದ ಎರಡು ತಗಡುಗಳ ನಡುವೆ ಕೂಡಿಸಿದನು.

ಸರಳ ಸೂಕ್ಷ್ಮದರ್ಶಕದ ವರ್ಧನವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಆರೋಗ್ಯವಂತ ಕಣ್ಣು ಆಯಾಸವಿಲ್ಲದೆ ಸ್ಪಷ್ಟವಾಗಿ ನೋಡುವ ಕನಿಷ್ಠ ದೂರ 25 ಸೆಂಟಿಮೀಟರ್ ಎಂದು ಇಟ್ಟುಕೊಳ್ಳುತ್ತೇವೆ. ಇದನ್ನು ಸಂಗಮ ದೂರದಿಂದ ಭಾಗಿಸಿದರೆ ಸುಮಾರಾಗಿ ವರ್ಧನ ದೊರೆಯುತ್ತದೆ. 5 ಸೆಂಟಿಮೀಟರ್ ಸಂಗಮ ದೂರದ ಭೂತಗನ್ನಡಿ ವಸ್ತುವನ್ನು ಐದು ಪಟ್ಟು ಹಿಗ್ಗಿಸುತ್ತದೆ. ಸಂಗಮ ದೂರ ಒಂದು ಮಿಲಿಮೀಟರ್‌ಗೆ ಇಳಿದರೆ ವರ್ಧನ 250 ಪಟ್ಟು. ಮಣಿಯಷ್ಟು ಸಣ್ಣ ಮಸೂರ ದೊಡ್ಡ ಗಾಜಿಗಿಂತ ಹೆಚ್ಚು ತೋರಿಸುವ ರಹಸ್ಯ ಇದೇ. ಲೇವನ್‌ಹುಕ್‌ನ ಉಳಿದಿರುವ ಮಸೂರಗಳಲ್ಲಿ ಉತ್ತಮವಾದುದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ.

1674ರಲ್ಲಿ ಇವನು ತನ್ನೂರಿನ ಬಳಿಯ ಒಂದು ಕೆರೆಯ ನೀರನ್ನು ಶೀಶೆಯಲ್ಲಿ ತುಂಬಿ ತಂದು ನೋಡಿದನು. ಹಸಿರು ಸುರುಳಿಗಳು, ಅವುಗಳ ನಡುವೆ ಓಡಾಡುವ ಅಗಣಿತ ಪುಟ್ಟ ಜೀವಿಗಳು ಕಂಡವು. ತಿಳಿಯಾಗಿದೆ ಎಂದು ಜನ ಭಾವಿಸಿದ ನೀರಿನಲ್ಲಿ ಒಂದು ಲೋಕವೇ ಇದೆ ಎಂಬುದು ಮನುಷ್ಯನಿಗೆ ಗೊತ್ತಾದದ್ದು ಆಗ. 1676ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಈ ಪುಟ್ಟ ಜೀವಿಗಳ ವಿಷಯ ಬರೆದ ದೀರ್ಘ ಪತ್ರವನ್ನು ಅಲ್ಲಿನವರು ಮೊದಲು ಸುಲಭವಾಗಿ ನಂಬಲಿಲ್ಲ. ಹುಕ್ ತಾನೇ ಪ್ರಯೋಗ ಮಾಡಿ ಕಂಡ ಮೇಲೆ ಒಪ್ಪಿದರು.

ಆ ಕಾಲದ ಸಂಯುಕ್ತ ಸೂಕ್ಷ್ಮದರ್ಶಕಗಳಿಗೆ ಒಂದು ದೊಡ್ಡ ದೋಷವಿತ್ತು. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಆದ್ದರಿಂದ ಬಣ್ಣ ಬಣ್ಣದ ಬೆಳಕಿಗೆ ಬೇರೆ ಬೇರೆ ಸಂಗಮ ಉಂಟಾಗಿ ಪ್ರತಿಬಿಂಬದ ಅಂಚಿನಲ್ಲಿ ಕಾಮನಬಿಲ್ಲಿನಂತಹ ಮಸುಕು ಕಾಣಿಸುತ್ತದೆ. ಇದಕ್ಕೆ ವರ್ಣ ವಿಪಥನ ಎಂದು ಹೆಸರು. ಎರಡು ಬೇರೆ ಜಾತಿಯ ಗಾಜುಗಳ ಮಸೂರಗಳನ್ನು ಜೋಡಿಸಿ ಒಂದರ ದೋಷವನ್ನು ಇನ್ನೊಂದರಿಂದ ತೊಡೆಯುವ ಉಪಾಯವನ್ನು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ದೂರದರ್ಶಕಕ್ಕಾಗಿ ಕಂಡುಕೊಂಡರು. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಈ ಜೋಡಿ ಮಸೂರಗಳನ್ನು ಸೂಕ್ಷ್ಮದರ್ಶಕದಲ್ಲಿ ಸರಿಯಾದ ಅಂತರದಲ್ಲಿ ಕೂಡಿಸುವ ಸೂತ್ರವನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕ ವೈದ್ಯರ ನಂಬಿಕೆಯ ಸಾಧನವಾಯಿತು.

ಒಕ್ಕಣ್ಣಿನ ಜೀವಿ

ಈಗ ನಾರುಹುಣ್ಣಿಗೆ ಮರಳೋಣ. ಈ ರೋಗದ ಕಾರಣ ಇಷ್ಟು ಕಾಲ ಗೊತ್ತಾಗದೆ ಹೋದದ್ದು ಏಕೆ? ಹುಳುವೇನೋ ಕಣ್ಣಿಗೆ ಕಾಣುತ್ತಿತ್ತು. ಹೆಣ್ಣು ಹುಳು ಸುಮಾರು 60 ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗೆ ಉದ್ದ. ಆದರೆ ಅದು ಹುಳುವೋ, ನರವೋ ಎಂದೇ ಹಿಂದಿನ ವೈದ್ಯರು ವಾದಿಸುತ್ತಿದ್ದರು. ಅರಬ್ಬಿ ವೈದ್ಯಗ್ರಂಥಗಳಿಂದ ಬಂದ ಮದೀನಾದ ನರ ಎಂಬ ಹೆಸರೂ ಇತ್ತು. ಇನ್ನೊಂದು ತೊಡಕು ಕಾಲದ್ದು. ದೇಹಕ್ಕೆ ಸೋಂಕು ತಗುಲಿದ ಮೇಲೆ ಹುಳು ಹೊರಬರಲು ಸುಮಾರು ಒಂದು ವರ್ಷ ಬೇಕು. ಈ ಬೇಸಿಗೆಯ ಹುಣ್ಣಿಗೆ ಹೋದ ಬೇಸಿಗೆಯಲ್ಲಿ ಕುಡಿದ ನೀರು ಕಾರಣವೆಂದು ಯಾರು ತಾನೇ ಊಹಿಸಬಲ್ಲರು?

ಗಂಟು ಬಿಚ್ಚಿದ್ದು 1870ರಲ್ಲಿ. ರಷ್ಯದ ನಿಸರ್ಗ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ತುರ್ಕಿಸ್ತಾನದ ಸಮರಕಂದ ಪ್ರದೇಶದಲ್ಲಿ ಈ ರೋಗವನ್ನು ಅಧ್ಯಯನ ಮಾಡುತ್ತಿದ್ದನು. ಹುಳುವಿನಿಂದ ಹೊರಬಿದ್ದ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ದೇಹವನ್ನು ಸೇರಿ ಅಲ್ಲಿ ಬೆಳೆಯುವುದನ್ನು ಅವನು ಸೂಕ್ಷ್ಮದರ್ಶಕದಲ್ಲಿ ಕಂಡನು. ಸೈಕ್ಲಾಪ್ಸ್ ಸೀಗಡಿಯ ದೂರದ ಬಂಧು. ಹಣೆಯ ನಡುವೆ ಒಂದೇ ಕಣ್ಣು. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಉದ್ದ ಸುಮಾರು ಅರ್ಧ ಮಿಲಿಮೀಟರ್‌ನಿಂದ ಎರಡು ಮಿಲಿಮೀಟರ್. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಜಿಗಿಯುವ ಬಿಳಿಯ ಚುಕ್ಕೆಯಂತೆ ಕಂಡೀತು. ಆದರೆ ತಾಮ್ರದ ಕೊಡದಲ್ಲಿ ಅದನ್ನು ಕಾಣುವವರು ಯಾರು? ಅದರೊಳಗಿನ ಹುಳುಮರಿಯನ್ನು ಕಾಣಬೇಕಾದರಂತೂ ಸೂಕ್ಷ್ಮದರ್ಶಕವೇ ಬೇಕು. ಮರಿಯ ದಪ್ಪ ಕೇವಲ 20 ಮೈಕ್ರಾನ್‌ನಷ್ಟು. ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್.

1907ರ ವೇಳೆಗೆ ಬ್ರಿಟನ್ನಿನ ರಾಬರ್ಟ್ ಲೀಪರ್ ಮುಂದಿನ ಹೆಜ್ಜೆ ಇಟ್ಟನು. ನಮ್ಮ ಜಠರದಲ್ಲಿ ಇರುವಂತಹ ತೆಳುವಾದ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಒಳಗಿನ ಮರಿ ಮಾತ್ರ ಚುರುಕಾಗಿ ಹೊರಬರುತ್ತದೆ ಎಂದು ಅವನು ತೋರಿಸಿದನು. ಸೋಂಕಿನ ಸೈಕ್ಲಾಪ್ಸ್‌ಗಳನ್ನು ತಿಂದ ಕೋತಿಯ ದೇಹದಲ್ಲಿ ನಾರುಹುಳು ಬೆಳೆದಿತ್ತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. ಆ ಪ್ರಾಂತ್ಯಕ್ಕೆ ಸೇರಿದ ಮುಂಬಯಿಯ ಪರೇಲಿನ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಡಾ. ಡಿ. ಎ. ತುರ್ಖುದ್ ಎಂಬ ಭಾರತೀಯ ವೈದ್ಯರು 1910ರ ದಶಕದಲ್ಲಿ ನಾರುಹುಣ್ಣಿನ ಮೇಲೆ ಸಂಶೋಧನೆ ನಡೆಸಿ, ಸೈಕ್ಲಾಪ್ಸ್ ಇರುವ ನೀರಿನಿಂದ ಮನುಷ್ಯನಿಗೆ ಸೋಂಕು ಬರುವುದನ್ನು ಖಚಿತಪಡಿಸಿದರು.

ಚಕ್ರ ಪೂರ್ತಿಯಾಯಿತು. ಹುಣ್ಣಿನ ಉರಿ ತಾಳಲಾರದೆ ರೋಗಿ ಕಾಲನ್ನು ಕೆರೆಯ ತಣ್ಣೀರಿನಲ್ಲಿ ಇಳಿಬಿಡುತ್ತಾನೆ. ನೀರು ತಾಗಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಸುರಿಸುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿ ಬಲಿಯುತ್ತದೆ. ಆ ನೀರು ಕೊಡದಲ್ಲಿ ಮನೆಗೆ ಬರುತ್ತದೆ. ಪಾವಟಿಗೆಯ ಮೇಲೆ ಕುಳಿತು ನೋವನ್ನು ತಣಿಸಿಕೊಂಡವನೇ, ತಿಳಿಯದೆ, ತನ್ನ ಮನೆಯ ಮಕ್ಕಳಿಗೆ ಮುಂದಿನ ವರ್ಷದ ನೋವನ್ನು ಬಿತ್ತಿ ಬರುತ್ತಿದ್ದನು.

ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ

ಸೈಕ್ಲಾಪ್ಸನ್ನು ನೋಡಲು 50 ಅಥವಾ 100 ಪಟ್ಟು ವರ್ಧನ ಸಾಕು. ಆದರೆ ಎಲ್ಲ ಶತ್ರುಗಳೂ ಅಷ್ಟು ದೊಡ್ಡವಲ್ಲ. 1898ರಲ್ಲಿ ಹುಬ್ಬಳ್ಳಿ, ಧಾರವಾಡಗಳಿಗೆ ಪ್ಲೇಗು ನುಗ್ಗಿತು. ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿದರು. ಮುಂಬಯಿಯಲ್ಲಿ ವಾಲ್ಡೆಮರ್ ಹಾಫ್‌ಕಿನ್ 1897ರಲ್ಲಿ ತಯಾರಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಪ್ಲೇಗಿನ ರೋಗಾಣುವನ್ನು 1894ರಲ್ಲಷ್ಟೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಲಾಗಿತ್ತು. ಅದರ ಉದ್ದ ಒಂದೆರಡು ಮೈಕ್ರಾನ್ ಮಾತ್ರ. ಇಷ್ಟು ಚಿಕ್ಕದನ್ನು ನೋಡಲು ವರ್ಧನ ಹೆಚ್ಚಿಸಿದರೆ ಸಾಲದೇ? ಸಾಲದು. ಇಲ್ಲಿಯೇ ಸೂಕ್ಷ್ಮದರ್ಶಕದ ಅತಿ ಮುಖ್ಯವಾದ ಪರಿಕಲ್ಪನೆ ಬರುತ್ತದೆ.

ನವಲಗುಂದದ ಜಮಖಾನೆಯನ್ನು ನೆನೆದುಕೊಳ್ಳಿ. ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳನ್ನು ಬಣ್ಣದ ನೂಲಿನಲ್ಲಿ ನೇಯ್ದ ಹಾಸು ಅದು. ಅದರಲ್ಲಿ ಒಂದು ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆಗಳಿವೆ ಎಂದುಕೊಳ್ಳಿ. ಹತ್ತಿರ ಕುಳಿತಾಗ ಅವು ಎರಡಾಗಿ ಕಾಣುತ್ತವೆ. ಮೂರೂವರೆ ಮೀಟರ್‌ಗಿಂತ ಹಿಂದೆ ಸರಿದರೆ ಎರಡೂ ಬೆರೆತು ಒಂದೇ ಗೆರೆಯಾಗುತ್ತವೆ. ಹಾಗೆ ಬೆರೆತು ಕಂಡ ನೋಟವನ್ನೇ ಫೋಟೊ ತೆಗೆದು ಗೋಡೆಯಷ್ಟು ಹಿಗ್ಗಿಸಿದರೂ ಅಗಲವಾದ ಒಂದು ಗೆರೆ ಸಿಕ್ಕೀತೇ ಹೊರತು ಎರಡು ಸಿಗಲಾರವು. ಒತ್ತಾಗಿರುವ ಎರಡು ಬಿಂದುಗಳನ್ನು ಎರಡಾಗಿ ಬಿಡಿಸಿ ತೋರಿಸುವ ಶಕ್ತಿಗೆ ಪೃಥಕ್ಕರಣ ಸಾಮರ್ಥ್ಯ ಎಂದು ಹೆಸರು. ಇದಿಲ್ಲದ ವರ್ಧನ ಪೊಳ್ಳು ವರ್ಧನ.

ಈ ಸಾಮರ್ಥ್ಯಕ್ಕೆ ಮಿತಿ ಹಾಕುವುದು ಬೆಳಕಿನ ಸ್ವಭಾವವೇ. ಬೆಳಕು ಅಲೆಯಂತೆ ಸಾಗುತ್ತದೆ. ಚಿಕ್ಕ ವಸ್ತುವಿನ ಅಂಚನ್ನು ದಾಟುವಾಗ ಅದು ಹರಡಿಕೊಳ್ಳುತ್ತದೆ. ಇದು ವಿವರ್ತನೆ. ಹಾಗೆ ಹರಡಿದ ಬೆಳಕನ್ನು ವಸ್ತುಕ ಎಷ್ಟು ಅಗಲವಾದ ಕೋನದಿಂದ ಬಾಚಿಕೊಳ್ಳುತ್ತದೆಯೋ ಅಷ್ಟು ವಿವರ ಪ್ರತಿಬಿಂಬದಲ್ಲಿ ಉಳಿಯುತ್ತದೆ. ಜರ್ಮನಿಯ ಯೇನಾ ಊರಿನಲ್ಲಿ ಕಾರ್ಲ್ ಝೈಸ್‌ನ ಕಾರ್ಖಾನೆಯೊಡನೆ ದುಡಿಯುತ್ತಿದ್ದ ಅರ್ನ್‌ಸ್ಟ್ ಅಬ್ಬೆ ಎಂಬ ಭೌತವಿಜ್ಞಾನಿ 1873ರಲ್ಲಿ ಇದನ್ನು ಸ್ಪಷ್ಟಪಡಿಸಿದನು. ಬೆಳಕನ್ನು ಬಾಚಿಕೊಳ್ಳುವ ಈ ಶಕ್ತಿಯನ್ನು ಅವನು ಒಂದು ಸಂಖ್ಯೆಯಿಂದ ಸೂಚಿಸಿದನು. ಅದೇ ನ್ಯೂಮರಿಕಲ್ ಅಪರ್ಚರ್. ವಸ್ತುಕದ ಮೈಮೇಲೆ 0.25, 0.65, 1.25 ಎಂದು ಕೆತ್ತಿರುವ ಅಂಕಿ ಇದು. ಬೆಳಕಿನ ತರಂಗದೂರವನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಬಲ್ಲ ಅತಿ ಕಡಿಮೆ ಅಂತರ ದೊರೆಯುತ್ತದೆ.

ಹಸಿರು ಬೆಳಕಿನ ತರಂಗದೂರ ಸುಮಾರು 0.55 ಮೈಕ್ರಾನ್. ಅಪರ್ಚರ್ 0.65 ಇರುವ ವಸ್ತುಕ ಸುಮಾರು 0.42 ಮೈಕ್ರಾನ್ ಅಂತರವನ್ನು ಬಿಡಿಸುತ್ತದೆ. ಗಾಜುಪಟ್ಟಿಗೂ ವಸ್ತುಕಕ್ಕೂ ನಡುವೆ ಗಾಳಿ ಇದ್ದರೆ ಈ ಸಂಖ್ಯೆ ಒಂದನ್ನು ಮುಟ್ಟಲಾರದು. ಏಕೆಂದರೆ ಗಾಜಿನಿಂದ ಗಾಳಿಗೆ ಬರುವ ಓರೆ ಕಿರಣಗಳು ವಕ್ರೀಭವನದಿಂದ ದೂರ ಬಾಗುತ್ತವೆ, ಅತಿ ಓರೆಯಾದವು ಗಾಜಿನೊಳಕ್ಕೇ ಹಿಂತಿರುಗುತ್ತವೆ. ಆ ನಡುವಿನ ಜಾಗದಲ್ಲಿ ಗಾಜಿನಷ್ಟೇ ವಕ್ರೀಭವನ ಸೂಚ್ಯಂಕವುಳ್ಳ ಎಣ್ಣೆಯ ಹನಿ ಇಟ್ಟರೆ ಕಿರಣಗಳು ಬಾಗದೆ ನೇರ ವಸ್ತುಕವನ್ನು ಸೇರುತ್ತವೆ. 1878ರ ಸುಮಾರಿಗೆ ಅಬ್ಬೆ ಇದಕ್ಕಾಗಿ ಸೀಡರ್ ಮರದ ಎಣ್ಣೆಯನ್ನು ಬಳಸಿದನು. ಅಪರ್ಚರ್ 1.25ಕ್ಕೆ ಏರಿತು, ಮಿತಿ 0.22 ಮೈಕ್ರಾನ್‌ಗೆ ಇಳಿಯಿತು.

ಒಂದು ಹನಿ ಎಣ್ಣೆಯ ಫಲವನ್ನು ನೋಡಿ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗಾಣುವನ್ನು ಪ್ರಪಂಚಕ್ಕೆ ತೋರಿಸಿದನು. ಅದರ ಅಗಲ ಸುಮಾರು 0.3 ಮೈಕ್ರಾನ್. ಎಂದರೆ ಹಿಂದಿನ ಒಣ ವಸ್ತುಕಗಳ ಮಿತಿಯ ಒಳಗೇ ಅಡಗಿದ್ದ ಜೀವಿ ಅದು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಭಿತ್ತಿಯಲ್ಲಿ ಮಲೇರಿಯಾದ ಕುರುಹನ್ನು ಕಂಡನು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಹನಿಯನ್ನು ಗಾಜುಪಟ್ಟಿಗೆ ಸವರಿ, ಬಣ್ಣ ಹಾಕಿ, ಅದರ ಮೇಲೆ ಎಣ್ಣೆ ತೊಟ್ಟಿಕ್ಕಿಸಿ 100 ಪಟ್ಟಿನ ವಸ್ತುಕವನ್ನು ಇಳಿಸುವ ತಂತ್ರಜ್ಞರನ್ನು ನೀವು ನೋಡಿರಬಹುದು. ಆ ಎಣ್ಣೆ ಯಂತ್ರ ಸರಾಗವಾಗಿ ತಿರುಗಲು ಹಾಕಿದ್ದಲ್ಲ, ಅದು ಸ್ವತಃ ಮಸೂರದ ಒಂದು ಭಾಗ.

ಬಣ್ಣ ಹಾಕುವುದೇಕೆ ಎಂದೂ ಕೇಳಬೇಕು. ಜೀವಕೋಶಗಳು ನೀರಿನಂತೆ ಪಾರದರ್ಶಕ. ಬಿಡಿಸಿ ತೋರಿಸುವ ಶಕ್ತಿ ಇದ್ದರೂ ಹಿನ್ನೆಲೆಗೂ ವಸ್ತುವಿಗೂ ವ್ಯತ್ಯಾಸ ಕಾಣದಿದ್ದರೆ ಪ್ರಯೋಜನವಿಲ್ಲ. ಈ ವ್ಯತ್ಯಾಸವೇ ಕಾಂಟ್ರಾಸ್ಟ್. ಬಣ್ಣದಿಂದ ಅದು ಬರುತ್ತದೆ, ಆದರೆ ಜೀವಿ ಸಾಯುತ್ತದೆ. 1930ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ಝೆರ್ನಿಕ್, ಕೋಶದ ಮೂಲಕ ಬಂದ ಬೆಳಕು ಸ್ವಲ್ಪ ಹಿಂದೆ ಬೀಳುವುದನ್ನೇ ಕಪ್ಪುಬಿಳುಪಿನ ವ್ಯತ್ಯಾಸವಾಗಿ ಮಾರ್ಪಡಿಸುವ ವಿಧಾನವನ್ನು ಕಂಡುಹಿಡಿದು 1953ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ನಮ್ಮ ಹೊಲದ ಹತ್ತಿಗೂ ಇಂತಹ ಒಂದು ವಿಧಾನವಿದೆ. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕು ಧ್ರುವೀಕೃತ ಬೆಳಕು. ಅದರಲ್ಲಿ ಹತ್ತಿಯ ಎಳೆಯನ್ನು ನೋಡಿದರೆ ಚೆನ್ನಾಗಿ ಬಲಿತ ಎಳೆಯೂ ಬಲಿಯದ ಎಳೆಯೂ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ.

ಎರಡು ಮಡಿಕೆ ಬಟ್ಟೆ

ಇಷ್ಟೆಲ್ಲ ತಿಳಿದ ಮೇಲೆ ಊರಿಗೆ ಆದ ಉಪಯೋಗವೇನು? ಸೂಕ್ಷ್ಮದರ್ಶಕ ರೋಗದ ಕಾರಣವನ್ನು ತೋರಿಸಿದ್ದಲ್ಲದೆ ಅದರ ಅಳತೆಯನ್ನೂ ಹೇಳಿತು. 20 ಮೈಕ್ರಾನ್ ದಪ್ಪದ ಮರಿಯನ್ನು ಬಟ್ಟೆ ತಡೆಯಲಾರದು. ಆದರೆ ಬಿಡಿಯಾಗಿ ಈಜುವ ಮರಿಯನ್ನು ಕುಡಿದರೆ ರೋಗ ಬರುವುದಿಲ್ಲ. ರೋಗ ತರುವುದು ಸೈಕ್ಲಾಪ್ಸ್‌ನ ಒಳಗೆ ಬಲಿತ ಮರಿ. ಸೈಕ್ಲಾಪ್ಸ್‌ನ ಉದ್ದವೋ ಕನಿಷ್ಠ 500 ಮೈಕ್ರಾನ್. ಆದ್ದರಿಂದ 100ರಿಂದ 200 ಮೈಕ್ರಾನ್ ರಂಧ್ರವುಳ್ಳ ನೈಲಾನ್ ಜಾಲರಿ ಸಾಕು. ಒತ್ತಾಗಿ ನೇಯ್ದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದರೂ ಸಾಕು. ನೀರನ್ನು ಸೋಸಿ ಕುಡಿಯುವ ಪದ್ಧತಿ ನಮ್ಮ ನಾಡಿನ ಜೈನರಲ್ಲಿ ಅಹಿಂಸೆಯ ನಿಯಮವಾಗಿ ಹಿಂದಿನಿಂದಲೂ ಇದೆ. ಜೀವಿಯ ರಕ್ಷಣೆಗೆಂದು ಹುಟ್ಟಿದ ಆಚಾರ ಮನುಷ್ಯನ ರಕ್ಷಣೆಗೂ ಹೇಗೆ ಒದಗುತ್ತದೆ ಎಂಬುದನ್ನು ಮೈಕ್ರಾನ್‌ಗಳ ಲೆಕ್ಕ ತಿಳಿಸಿತು.

ಭಾರತ ಸರ್ಕಾರ 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. 1984ರಲ್ಲಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ ಸುಮಾರು 40,000 ರೋಗಿಗಳು ಪತ್ತೆಯಾದರು. ಆ ಏಳರಲ್ಲಿ ಕರ್ನಾಟಕವೂ ಒಂದು. ಬಿಜಾಪುರ, ರಾಯಚೂರು, ಧಾರವಾಡ ಮೊದಲಾದ ಉತ್ತರದ ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಹುಣ್ಣಿಗೆ ಪಟ್ಟಿ ಕಟ್ಟಿ, ನೀರಿಗೆ ಕಾಲಿಡದಂತೆ ತಿಳಿಹೇಳಿದರು. ಜಾಲರಿ ಹಂಚಿದರು, ಪಾವಟಿಗೆಯ ಭಾವಿಗಳನ್ನು ಮಾರ್ಪಡಿಸಿದರು, ಕೊಳವೆಭಾವಿ ತೋಡಿಸಿದರು, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಔಷಧಿ ಹಾಕಿದರು. ದೇಶದ ಕೊನೆಯ ರೋಗಿ 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಪತ್ತೆಯಾದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಸಾರಿತು. ಸಿಡುಬಿನ ಅನಂತರ ನಮ್ಮ ನೆಲದಿಂದ ಬೇರುಸಹಿತ ಹೋದ ರೋಗ ಇದು. 2023ರಲ್ಲಿ ಇಡೀ ಜಗತ್ತಿನಲ್ಲಿ ಕಂಡ ಮಾನವ ಪ್ರಕರಣಗಳು 14 ಮಾತ್ರ, ಎಲ್ಲವೂ ಆಫ್ರಿಕದಲ್ಲಿ.

ಸೂಕ್ಷ್ಮದರ್ಶಕ ದೊಡ್ಡ ಪ್ರಯೋಗಾಲಯದ ಸೊತ್ತಾಗಿಯೇ ಉಳಿಯಬೇಕಾಗಿಲ್ಲ. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು 2014ರಲ್ಲಿ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಪ್ರಕಟಿಸಿದರು. ಮಡಿಸಿದ ದಪ್ಪ ಕಾಗದ, ಅದರ ನಡುವೆ ಒಂದು ಗಾಜಿನ ಮಣಿ. ಲೇವನ್‌ಹುಕ್‌ನ ಉಪಾಯವೇ ಮೂರೂವರೆ ಶತಮಾನಗಳ ಅನಂತರ ಶಾಲೆಯ ಚೀಲಕ್ಕೆ ಬಂದಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಯುವಂತೆ ಗುರುಗಳನ್ನು ಕೇಳಿಕೊಳ್ಳಿ. ಊರ ಕೆರೆಯ ಒಂದು ಹನಿ ನೀರನ್ನು ಅದರ ಕೆಳಗಿಡಿ. ನಿಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಯಾರಿಗಾದರೂ ನಾರುಹುಣ್ಣು ಆಗಿತ್ತೇ ಎಂದು ಮನೆಯಲ್ಲಿ ಕೇಳಿ. ಆಗಿದ್ದರೆ ಕಾಲಿನ ಮೇಲಿನ ಕಲೆಯನ್ನು ತೋರಿಸಿಯಾರು. ಅವರು ಕಾಣದೆ ಕುಡಿದುದನ್ನು ನೀವು ಕಣ್ಣಾರೆ ಕಾಣಬಲ್ಲಿರಿ.

ನೆನಪಿಡಬೇಕಾದ ಪದಗಳು

ವಕ್ರೀಭವನ: ಮಾಧ್ಯಮ ಬದಲಾದಾಗ ಬೆಳಕಿನ ಕಿರಣ ಬಾಗುವುದು.
ಸಂಗಮ ದೂರ: ಮಸೂರದ ಮಧ್ಯದಿಂದ ಸಮಾನಾಂತರ ಕಿರಣಗಳು ಕೂಡುವ ಬಿಂದುವಿಗಿರುವ ದೂರ.
ವರ್ಧನ: ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ.
ವಸ್ತುಕ, ನೇತ್ರಕ: ವಸ್ತುವಿನ ಬಳಿಯ ಮಸೂರ ಮತ್ತು ಕಣ್ಣಿನ ಬಳಿಯ ಮಸೂರ.
ವರ್ಣ ವಿಪಥನ: ಬಣ್ಣಗಳಿಗೆ ಬೇರೆ ಬೇರೆ ಸಂಗಮ ಇರುವುದರಿಂದ ಉಂಟಾಗುವ ಮಸುಕು.
ವಿವರ್ತನೆ: ಅಂಚನ್ನು ದಾಟುವಾಗ ಬೆಳಕು ಹರಡಿಕೊಳ್ಳುವುದು.
ಪೃಥಕ್ಕರಣ ಸಾಮರ್ಥ್ಯ: ಒತ್ತಾಗಿರುವ ಎರಡು ಬಿಂದುಗಳನ್ನು ಎರಡಾಗಿ ತೋರಿಸುವ ಶಕ್ತಿ.
ಮೈಕ್ರಾನ್: ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗ.

ಯೋಚಿಸಿ ಉತ್ತರಿಸಿ

1. ಕೆರೆಯ ತಳ ಮೇಲಿನಿಂದ 6 ಅಡಿ ಆಳದಲ್ಲಿರುವಂತೆ ಕಂಡರೆ ಅದರ ನಿಜವಾದ ಆಳ ಎಷ್ಟು?
2. ಎಣ್ಣೆಯ ಬದಲು ನೀರಿನ ಹನಿ ಇಟ್ಟರೆ ವಸ್ತುಕದ ಪೃಥಕ್ಕರಣ ಸಾಮರ್ಥ್ಯ ಗಾಳಿಗಿಂತ ಹೆಚ್ಚಾಗುವುದೇ? ಎಣ್ಣೆಯಷ್ಟೇ ಆಗುವುದೇ?
3. ಬಟ್ಟೆಯಲ್ಲಿ ಸೋಸುವುದರಿಂದ ನಾರುಹುಣ್ಣು ನಿಲ್ಲುತ್ತದೆ, ಆದರೆ ವಾಂತಿಭೇದಿಯ ರೋಗಾಣುಗಳೆಲ್ಲ ನಿಲ್ಲುವುದಿಲ್ಲ. ಕಾರಣವನ್ನು ಮೈಕ್ರಾನ್‌ಗಳ ಲೆಕ್ಕದಲ್ಲಿ ವಿವರಿಸಿ.